ನೋಡೋದು ಥಂಡ್ಯಾಗ, ತರೋದು ಬಿಸಲಾಗ

ಹೋದ ಡಿಸೆಂಬರಿನ ಒಂದು ಮುಂಜಾನೆ. ಬೀದಿದೀಪ ಇನ್ನೂ ಆರಿರಲಿಲ್ಲ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಗುರುತಿಲ್ಲದವರ ಬೈಕಿನ ಇಂಜಿನ್ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದೆ. ಮಗ್ಗುಲಿಗೆ ಅಕ್ಕನ ಮಗ. ಗೋವಿನಜೋಳ ಮಾರಿದ ದುಡ್ಡು ಅವನ ಅಂಗಿಯ ಒಳಜೇಬಿನಲ್ಲಿತ್ತು, ಕೈ ಮೇಲಿಂದ ಮೇಲೆ ಅಲ್ಲಿಗೇ ಹೋಗುತ್ತಿತ್ತು. ಹಿಂದಿನ ದಿನವೇ ದೇವಿಕೊಪ್ಪದಿಂದ ಬಂದು ಬೀಗರ ಮನೆಯಲ್ಲಿ ಉಳಿದದ್ದು ಈ ಹೊತ್ತಿಗೆ ಇಲ್ಲಿ ನಿಲ್ಲಬೇಕು ಎಂಬ ಒಂದೇ ಕಾರಣಕ್ಕೆ. ಇಂಜಿನ್ ಅಂಗೈಗೆ ಬೆಚ್ಚಗೆ ತಾಗಿತು.

“ಯಾಕ್ರೀ ಅಣ್ಣಾರ, ಗಾಡಿ ಬಿಸಿ ಐತಲ್ಲ?”

“ಈಗ ಹಾಲ ತರಾಕ ಹೋಗಿದ್ದೆ ನೋಡ್ರಿ.”

ಹಾಲಿನ ಅಂಗಡಿ ಓಣಿಯ ಮೂಲೆಯಲ್ಲೇ ಕಾಣುತ್ತಿತ್ತು. ಕಾವು ಮಾತ್ರ ಧಾರವಾಡಕ್ಕೆ ಹೋಗಿಬಂದಷ್ಟಿತ್ತು. ಸೆಲ್ಫ್ ಒತ್ತಿದರೆ ಒಂದೇ ಏಟಿಗೆ ಚಾಲೂ. ಹುಡುಗನ ಮುಖ ಅರಳಿತು. ನಾನು “ನಾಳೆ ಬರ್ತೇವ್ರಿ” ಎಂದು ಅವನ ತೋಳು ಹಿಡಿದು ಎಳೆದುಕೊಂಡು ಹೊರಟೆ.

ರಾತ್ರಿ ಫೋನ್ ಮಾಡಿ, “ನಾವು ಬರೂತನಕ ಗಾಡಿ ಚಾಲೂ ಮಾಡಬ್ಯಾಡ್ರಿ” ಎಂದು ಹೇಳಿಟ್ಟೆವು. ಮರುದಿನ ಇಂಜಿನ್ ಕೊಡಪಾನದ ನೀರಿನಷ್ಟು ತಣ್ಣಗಿತ್ತು. ಸೆಲ್ಫ್ ಎರಡು ಸಲ ನರಳಿ ಸುಮ್ಮನಾಯಿತು. ಚೋಕ್ ಎಳೆದು ಒದೆಯತೊಡಗಿದ ಮಾಲೀಕರು ಹತ್ತನೆಯ ಕಿಕ್ಕಿಗೆ ಸ್ವೆಟರ್ ಬಿಚ್ಚಿದರು. ಹದಿನಾಲ್ಕಕ್ಕೆ ಗಾಡಿ ಚಾಲೂ ಆಯಿತು, ಓಣಿಯ ತುಂಬ ನೀಲಿ ಹೊಗೆ. ಹುಡುಗನ ಕೈ ಒಳಜೇಬಿನಿಂದ ಕೆಳಗಿಳಿಯಿತು.

ಮೂರನೆಯ ದಿನ ಇನ್ನೊಂದು ಓಣಿಯಲ್ಲಿ ಇನ್ನೊಂದು ಗಾಡಿ ಸಿಕ್ಕಿತು. ಅದನ್ನೇ ಊರಿಗೆ ತಂದೆವು. ಆ ಮೂರು ದಿನದಲ್ಲಿ ಮಾಡಿದ್ದು, ಬಿಟ್ಟಿದ್ದು, ಮಾಡಬೇಕಾಗಿದ್ದು ಇಲ್ಲಿದೆ.

ನಮ್ಮ ಕಡೆ ಹಳೇ ಬೈಕಿನ ವ್ಯಾಪಾರ ಜೋರಾಗುವುದು ದೀಪಾವಳಿ ದಾಟಿದ ಮೇಲೆ. ಸೋಯಾಬೀನ್, ಗೋವಿನಜೋಳ, ಭತ್ತ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವುದು ಆವಾಗಲೇ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವುದರೊಳಗೆ ಗಾಡಿ ಬಂದಿರಬೇಕು ಎಂದು ಹುಡುಗರ ಹಟ. ಹೀಗಾಗಿ ಕೊಳ್ಳುವ ಹಂಗಾಮು, ಥಂಡಿಯ ಹಂಗಾಮು ಎರಡೂ ಒಂದೇ ಆಗಿಬಿಟ್ಟಿವೆ. ಇದನ್ನು ಅನೇಕರು ತೊಂದರೆ ಎನ್ನುತ್ತಾರೆ. ನನಗೆ ಇದು ಕೊಳ್ಳುವವನ ಅದೃಷ್ಟ. ಬ್ಯಾಸಿಗೆಯ ಮಧ್ಯಾಹ್ನ ಎಂಥ ಮುರುಕು ಗಾಡಿಯೂ ಎರಡನೇ ಕಿಕ್ಕಿಗೆ ಚಾಲೂ ಆಗುತ್ತದೆ. ಡಿಸೆಂಬರಿನ ಮುಂಜಾನೆ ಹಾಗಾಗುವುದಿಲ್ಲ. ಇಂಜಿನ್ ಒಳಗೆ ಎಷ್ಟು ಸವೆದಿದೆ, ಬ್ಯಾಟರಿಯ ಜೀವ ಎಷ್ಟು ಉಳಿದಿದೆ, ಕಾರ್ಬುರೇಟರ್‌ನಲ್ಲಿ ಎಷ್ಟು ಕಸ ಕೂತಿದೆ ಎಂಬುದೆಲ್ಲ ಮೊದಲ ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಆದರೆ ಅದೇ ಮುಂಜಾನೆಯ ಮಂಜಿನಲ್ಲಿ ಗುಣ ಗೊತ್ತಿಲ್ಲದ ಗಾಡಿಯನ್ನು ಊರಿಗೆ ಓಡಿಸಿಕೊಂಡು ಬರುವುದು ಹುಂಬತನ. ಆದ್ದರಿಂದ ನೋಡುವುದು ಥಂಡಿಯಲ್ಲಿ, ತರುವುದು ಬಿಸಿಲಲ್ಲಿ. ಎರಡರ ನಡುವೆ ನಾಲ್ಕು ತಾಸು ಸಿಗುತ್ತದೆ. ಕಾಗದಪತ್ರಕ್ಕೆ, ಟೈರಿಗೆ, ಹವಾಕ್ಕೆ ಅಷ್ಟು ಸಾಕು.

ಥಂಡಿ ಎಂದರೆ ಎಷ್ಟು ಎಂಬುದನ್ನೂ ಹೇಳಬೇಕು. ಮೊಬೈಲಿನಲ್ಲಿ ಬೈಕಿನ ಚಳಿಗಾಲದ ಸಲಹೆ ಹುಡುಕಿದರೆ ಹಿಮ, ಉಪ್ಪು ಸುರಿದ ರಸ್ತೆ, ಕಾಯಿಸುವ ಹ್ಯಾಂಡಲ್ ಹಿಡಿಕೆ ಎಂದೆಲ್ಲ ಬರುತ್ತದೆ. ಅದು ನಮ್ಮದಲ್ಲ. ಡಿಸೆಂಬರ್-ಜನವರಿಯಲ್ಲಿ ನಮ್ಮಲ್ಲಿ ನಸುಕಿನ ಉಷ್ಣಾಂಶ ಸಾಮಾನ್ಯವಾಗಿ 13ರಿಂದ 15 ಡಿಗ್ರಿ, ಕೆಲವು ದಿನ ಅದಕ್ಕೂ ಕೆಳಗೆ. ಮಧ್ಯಾಹ್ನ ಅದೇ 29-30ಕ್ಕೆ ಏರುತ್ತದೆ. ಒಂದೇ ದಿನದಲ್ಲಿ ಇಷ್ಟು ಏರುಪೇರು ಆಗುವುದೇ ನಮ್ಮ ಸಮಸ್ಯೆ. ಜೊತೆಗೆ ಕಲಘಟಗಿ ಸೀಮೆ ಬಯಲು ಮುಗಿದು ಮಲೆನಾಡು ಶುರುವಾಗುವ ಜಾಗ. ನವಲಗುಂದ, ಅಣ್ಣಿಗೇರಿಯ ಎರೆಹೊಲದಲ್ಲಿ ಇರದಷ್ಟು ಇಬ್ಬನಿ, ಮಂಜು ಇಲ್ಲಿ ಕೆರೆ-ಹಳ್ಳದ ತಗ್ಗುಗಳಲ್ಲಿ ಕೂತಿರುತ್ತದೆ.

ತಣ್ಣಗಿನ ಇಂಜಿನ್ ಮುಂದೆ

ಮೊದಲು ಅಂಗೈ ಇಟ್ಟು ನೋಡಿ. ಇಂಜಿನ್ ಬ್ಲಾಕ್ ಮುಟ್ಟಿ, ಸೈಲೆನ್ಸರ್ ಮುಟ್ಟುವಾಗ ಮಾತ್ರ ಹುಷಾರು. ಮಾಲೀಕರು ಹಾಲು ತರಲು ಹೋಗಿದ್ದರೆ ಸುಟ್ಟೀತು. ಬೆಚ್ಚಗಿದ್ದರೆ ಜಗಳ ಬೇಡ, ಇನ್ನೊಂದು ದಿನ ಬನ್ನಿ.

ಥಂಡಿಯಲ್ಲಿ ಇಂಜಿನ್ ಹಟ ಮಾಡುವುದೇಕೆ? ತಣ್ಣಗಿನ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ, ಹನಿಹನಿಯಾಗಿ ಒಳಗೋಡೆಗೆ ಅಂಟಿಕೊಳ್ಳುತ್ತದೆ. ತಣ್ಣಗಿನ ಗಾಳಿ ದಟ್ಟವಾಗಿರುತ್ತದೆ. ಆದ್ದರಿಂದ ಸಿಲಿಂಡರಿನೊಳಗೆ ಗಾಳಿ ಹೆಚ್ಚಾಗಿ, ಹೊತ್ತುವ ಪೆಟ್ರೋಲ್ ಕಡಿಮೆಯಾಗುತ್ತದೆ. ಚೋಕ್ ಎಳೆದರೆ ಗಾಳಿ ಕಟ್ಟಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಲು ಭಾರವಾಗಿರುತ್ತದೆ, ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಒಳ್ಳೆಯ ಸ್ಥಿತಿಯ ಗಾಡಿಗೆ 14 ಡಿಗ್ರಿ ಲೆಕ್ಕಕ್ಕಿಲ್ಲ. ಪಿಸ್ಟನ್ ರಿಂಗ್ ಸವೆದು ಕಂಪ್ರೆಶನ್ ಇಳಿದ ಗಾಡಿಗೆ ಅದೇ ದೊಡ್ಡ ಗುಡ್ಡ.

ಕೀಲಿ ತಿರುಗಿಸುವ ಮೊದಲು ಕಿಕ್ಕರ್ ಮೇಲೆ ಕೈಯಿಂದ ಮೆಲ್ಲಗೆ ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆದು ನಿಲ್ಲಬೇಕು. ಬೆಣ್ಣೆಯಲ್ಲಿ ಇಳಿದ ಹಾಗೆ ಸಲೀಸಾಗಿ ಇಳಿದರೆ ಬೋರ್ ಕೆಲಸ ಕಾದಿದೆ. ಅನಂತರ ಕೀಲಿ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಅಲ್ಲಿಂದೀಚಿನ ಬೈಕುಗಳಲ್ಲಿ ಹೆಚ್ಚಿನವುಗಳಿಗೆ ಕಾರ್ಬುರೇಟರ್ ಇಲ್ಲ, ಫ್ಯೂಯೆಲ್ ಇಂಜೆಕ್ಷನ್, ಅಂದರೆ ಎಫ್‌ಐ ಇದೆ, ಚೋಕ್ ಇರುವುದಿಲ್ಲ. ಅಂಥದ್ದರಲ್ಲಿ ಕೀಲಿ ತಿರುಗಿಸಿದ ಕೂಡಲೇ ಪಂಪಿನ ‘ಝುಂಯ್’ ಸದ್ದು ಒಂದೆರಡು ಸೆಕೆಂಡು ಕೇಳಬೇಕು, ಅದು ನಿಂತ ಮೇಲೆ ಎಕ್ಸಿಲೇಟರ್ ಮುಟ್ಟದೆ ಸೆಲ್ಫ್ ಒತ್ತಬೇಕು. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಗಾಡಿ ಚಾಲೂ ಆದ ಮೇಲೂ ಉರಿಯುತ್ತಿದ್ದರೆ ಎಲ್ಲೋ ಸೆನ್ಸರ್ ತಕರಾರು. ಕೀಲಿ ಹಾಕಿದಾಗ ಆ ದೀಪ ಉರಿಯದೇ ಇದ್ದರೆ ಇನ್ನೂ ಹೆಚ್ಚು ಸಂಶಯಪಡಿ, ಯಾರೋ ಬಲ್ಬನ್ನೇ ಕಿತ್ತಿರಬಹುದು.

ಅದಕ್ಕಿಂತ ಹಿಂದಿನ ಗಾಡಿಯಾದರೆ ಚೋಕ್ ಎಳೆದು, ಮೂರ್ನಾಲ್ಕು ಕಿಕ್ಕಿನೊಳಗೆ ಚಾಲೂ ಆಗಬೇಕು. ಅರ್ಧ-ಮುಕ್ಕಾಲು ನಿಮಿಷದ ಮೇಲೆ ಚೋಕ್ ಅರ್ಧ ಇಳಿಸಿ, ಇನ್ನೊಂದು ನಿಮಿಷಕ್ಕೆ ಪೂರ್ತಿ ತೆಗೆಯಿರಿ. ತೆಗೆದ ಮೇಲೂ ಗಾಡಿ ಒಂದೇ ಲಯದಲ್ಲಿ ನಿಂತಲ್ಲೇ ಓಡಬೇಕು. ಐದು ನಿಮಿಷ ಕಳೆದರೂ ಚೋಕ್ ಇಲ್ಲದೆ ನಿಲ್ಲುವುದಿಲ್ಲ ಎಂದರೆ ಕಾರ್ಬುರೇಟರ್ ಬಿಚ್ಚಿ ತೊಳೆಯಬೇಕು. ಅದು ದೊಡ್ಡ ಖರ್ಚಲ್ಲ. ಗಾಡಿ ಬಿಡಬೇಡಿ, ದರ ಇಳಿಸಿ.

ಹೊಗೆಯ ವಿಷಯದಲ್ಲಿ ಥಂಡಿ ಮೋಸ ಮಾಡುತ್ತದೆ. ಮುಂಜಾನೆ ಎಂಥ ಹೊಸ ಗಾಡಿಯ ಸೈಲೆನ್ಸರ್‌ನಿಂದಲೂ ಬಿಳಿ ಹಬೆ ಬರುತ್ತದೆ, ನಮ್ಮ ಬಾಯಿಂದ ಬರುವ ಹಾಗೆಯೇ. ಒಂದೆರಡು ಹನಿ ನೀರೂ ತೊಟ್ಟಿಕ್ಕಬಹುದು. ಇದಕ್ಕೆ ಹೆದರಿ ಒಳ್ಳೆಯ ಗಾಡಿ ಬಿಟ್ಟು ಬಂದವರಿದ್ದಾರೆ. ಹಬೆ ಗಾಳಿಯಲ್ಲಿ ಕರಗುತ್ತದೆ, ವಾಸನೆ ಇಲ್ಲ, ಇಂಜಿನ್ ಕಾದ ಮೇಲೆ ನಿಂತುಹೋಗುತ್ತದೆ. ಆಯಿಲ್ ಸುಡುವ ಹೊಗೆ ನೀಲಿ, ಓಣಿಯಲ್ಲಿ ತೂಗಾಡುತ್ತ ನಿಲ್ಲುತ್ತದೆ, ಮೂಗಿಗೆ ಕಮಟು ಬಡಿಯುತ್ತದೆ. ಸಂಶಯವಿದ್ದರೆ ಬಿಳಿ ಕರ್ಚೀಫನ್ನು ಸೈಲೆನ್ಸರ್ ಬಾಯಿಂದ ಗೇಣು ದೂರ ಒಂದು ನಿಮಿಷ ಹಿಡಿಯಿರಿ. ಒದ್ದೆಯಾದರೆ ನೀರು, ಜಿಡ್ಡಿನ ಚುಕ್ಕೆ ಬಿದ್ದರೆ ಆಯಿಲ್. ನೀಲಿ ಹೊಗೆ ಚಾಲೂ ಮಾಡಿದ ಗಳಿಗೆ ಮಾತ್ರ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಹೋಗಿರುತ್ತದೆ. ಎಕ್ಸಿಲೇಟರ್ ತಿರುವಿದಾಗಲೆಲ್ಲ ಬಂದರೆ ರಿಂಗ್-ಪಿಸ್ಟನ್. ಮೊದಲನೆಯದಕ್ಕೆ ದರದಲ್ಲಿ ಚೌಕಾಶಿ ಮಾಡಬಹುದು, ಎರಡನೆಯದಕ್ಕೆ ಕೈ ಮುಗಿಯುವುದೇ ವಾಸಿ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಚೋಕ್ ಎಳೆದಾಗ ಸ್ವಲ್ಪ ಬಂದರೆ ತಪ್ಪಿಲ್ಲ.

ಸದ್ದಿನ ವಿಷಯಕ್ಕೆ ಕಲಘಟಗಿಯ ಗ್ಯಾರೇಜಿನ ಚಾಚಾ ಹೇಳಿಕೊಟ್ಟ ಲೆಕ್ಕವನ್ನೇ ನಾನು ಇಟ್ಟುಕೊಂಡಿದ್ದೇನೆ. “ಚಾಲೂ ಮಾಡಿದ ಕೂಡ್ಲೇ ಚರಚರ ಅಂದ್ರ ಅನ್ನಲಿ, ಹತ್ತ ಎಣಸೂದ್ರಾಗ ಸುಮ್ಮನಾಗಬೇಕು.” ರಾತ್ರಿಯಿಡೀ ಕೆಳಗಿಳಿದ ಆಯಿಲ್ ಮೇಲಕ್ಕೆ ಹತ್ತಲು ಅಷ್ಟು ಹೊತ್ತು ಬೇಕು. ಆಮೇಲೂ ಚರಚರ ಉಳಿದರೆ ಟೈಮಿಂಗ್ ಚೇನ್ ಜಗ್ಗಿದೆ.

ಇಂಜಿನ್ ಪರೀಕ್ಷೆ ಮುಗಿದರೆ ಉಳಿದದ್ದನ್ನು ಬೆಳಕು ಹರಿದ ಮೇಲೆ ನೋಡಬಹುದು. ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಡುವೆ ‘ಟಕ್’ ಎಂದು ಕಚ್ಚಿದರೆ ಕೋನ್ ಸೆಟ್ ಹೋಗಿದೆ. ಮುಂದಿನ ಫೋರ್ಕಿನ ಮೇಲೆ ಆಯಿಲ್ ಜಿನುಗಿರಬಾರದು. ಚೇನ್ ಸ್ಪ್ರಾಕೆಟ್ಟಿನ ಹಲ್ಲು ಗರಗಸದ ಹಾಗೆ ಚೂಪಾಗಿರಬಾರದು. ಬಣ್ಣಕ್ಕೆ ಮರುಳಾಗಬೇಡಿ. ಬಣ್ಣ ನೋಡಿ ಕೊಳ್ಳುವುದಕ್ಕೆ ನಮ್ಮ ಕಲಘಟಗಿಯ ತೊಟ್ಟಿಲಿದೆ. ಹಳೇ ಬೈಕಿನ ಟ್ಯಾಂಕು ಥಳಥಳ ಹೊಳೆದರೆ ‘ಯಾವಾಗ ಹೊಡಿಸಿದ್ರಿ, ಯಾಕ ಹೊಡಿಸಿದ್ರಿ’ ಎಂದು ಕೇಳಬೇಕು.

ಟೈರಿನ ಮಾತು ಬೇರೆ. ಅದರ ಮಗ್ಗುಲಲ್ಲಿ ಒಂದು ಸಣ್ಣ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 3218 ಎಂದಿದ್ದರೆ 2018ರ 32ನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಆಳ ಉಳಿದಿರಲಿ, ಏಳೆಂಟು ವರ್ಷದ ಟೈರಿನ ರಬ್ಬರ್ ಗಟ್ಟಿಯಾಗಿ, ಮಗ್ಗುಲಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಇಬ್ಬನಿ ಬಿದ್ದ ಡಾಂಬರಿನ ಮೇಲೆ ಅಂಥ ಟೈರು ಹಿಡಿಯುವುದಿಲ್ಲ. ನಾವು ಕೊಂಡ ಗಾಡಿಯ ಮುಂದಿನ ಟೈರು ಹೀಗೇ ಇತ್ತು. ಊರಿಗೆ ಹೋಗಿ ಬದಲಿಸೋಣ ಎಂದು ಹುಡುಗ, ಇಲ್ಲೇ ಬದಲಿಸು ಎಂದು ನಾನು. ಅರ್ಧ ತಾಸಿನ ವಾದ ಆಯಿತು. ಹುಬ್ಬಳ್ಳಿಯಲ್ಲೇ ಬದಲಿಸಿದೆವು.

ಕಾಗದ

ಈ ಭಾಗ ಬೇಸರದ್ದು. ಆದರೆ ಇಲ್ಲಿ ಆಗುವ ತಪ್ಪು ಇಂಜಿನ್ ತಪ್ಪಿಗಿಂತ ತುಟ್ಟಿ.

ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿಯ ಮೇಲಿನದರೊಡನೆ ಅಕ್ಷರ ಅಕ್ಷರ ತಾಳೆ ನೋಡಿ. ಚಾಸಿ ನಂಬರ್ ಹೆಚ್ಚಾಗಿ ಹ್ಯಾಂಡಲ್ ಬುಡದ ಕೊಳವೆಯ ಮೇಲೆ ಕೊರೆದಿರುತ್ತದೆ, ಎಣ್ಣೆಜಿಡ್ಡು ಒರೆಸಿದರೆ ಕಾಣುತ್ತದೆ. ಮೊಬೈಲಿನಲ್ಲಿ ಎಂ-ಪರಿವಾಹನ್ ತೆರೆದು ನಂಬರ್ ಹಾಕಿದರೆ ವಿಮೆ, ಹೊಗೆ ಪರೀಕ್ಷೆ, ನೋಂದಣಿಯ ಅವಧಿ ಗೊತ್ತಾಗುತ್ತದೆ. ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. 2011ರ ಗಾಡಿ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಅದರ ಗುಟ್ಟು ಇದೇ ಇರಬಹುದು. ಸಾಲದ ಮೇಲೆ ತೆಗೆದ ಗಾಡಿಯಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿರುತ್ತದೆ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಸಾಲ ಕೊಟ್ಟವರ ಸಹಿಯ ನಮೂನೆ 35 ಮತ್ತು ಅವರ ಪತ್ರ ಕೈಗೆ ಬರಬೇಕು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೆ ಹೊಸ ಮಾದರಿಯ ಎಚ್‌ಎಸ್‌ಆರ್‌ಪಿ ನಂಬರ್ ಫಲಕ ಕೂತಿದೆಯೇ ನೋಡಿ. ಕಟ್ಟದ ದಂಡ ಎಷ್ಟಿವೆ ಎಂಬುದೂ ನಂಬರ್ ಹಾಕಿದರೆ ಸಿಗುತ್ತದೆ.

ಮಾಲೀಕತ್ವ ಬದಲಿಸಲು ನಮೂನೆ 29 ಮತ್ತು 30. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ನಮ್ಮ ಕಡೆ ನಡೆಯುವುದೇ ಬೇರೆ. ಸಹಿ ಮಾಡಿದ ಖಾಲಿ ನಮೂನೆ ಗಾಡಿಯ ಜೊತೆಗೆ ಕೈಯಿಂದ ಕೈಗೆ ದಾಟುತ್ತದೆ. ಮೂರನೆಯವನು ನಾಲ್ಕನೆಯವನಿಗೆ ಮಾರುತ್ತಾನೆ, ಆರ್‌ಸಿಯಲ್ಲಿ ಮಾತ್ರ ಮೊದಲನೆಯವನೇ ಕೂತಿರುತ್ತಾನೆ. ಈಗ ಅರ್ಜಿ ಆನ್‌ಲೈನ್ ಆಗಿರುವುದರಿಂದ ಒಟಿಪಿ ಹೋಗುವುದು ಆರ್‌ಸಿಗೆ ಜೋಡಿಸಿದ ಮೊಬೈಲಿಗೆ. ಆ ಮೊದಲನೆಯವನು ಎಲ್ಲೋ ಪುಣೆಯಲ್ಲಿದ್ದರೆ ನೀವು ಒಟಿಪಿಗಾಗಿ ಅವನ ಬೆನ್ನು ಹತ್ತಬೇಕು. ಆರ್‌ಸಿಯಲ್ಲಿ ಹೆಸರಿದ್ದವರೇ ಎದುರು ನಿಂತು ಮಾರುತ್ತಿದ್ದರೆ ಸಾವಿರ-ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮಾರುವವರಿಗೂ ಇದರಲ್ಲಿ ಹೆದರಿಕೆ ಇದೆ, ಅದನ್ನು ಅವರಿಗೆ ನೆನಪಿಸಿ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 6ರಂದು ತೀರ್ಪು ಕೊಟ್ಟಿತು. ಕಾರು ಕೈಯಿಂದ ಕೈಗೆ ದಾಟಿ ಹೋಗಿತ್ತು, 2009ರಲ್ಲಿ ಅಪಘಾತವಾಯಿತು. ಪರಿಹಾರದ ಹೊಣೆ ಬಿದ್ದದ್ದು ಎಂದೋ ಮಾರಿ ಕೈತೊಳೆದುಕೊಂಡಿದ್ದ, ಆದರೆ ಆರ್‌ಸಿಯಲ್ಲಿ ಇನ್ನೂ ಹೆಸರಿದ್ದ ಮೊದಲ ಮಾಲೀಕನ ಮೇಲೆ. ಇದನ್ನು ಹೇಳಿದ ಮೇಲೆ ನಮಗೆ ಗಾಡಿ ಮಾರುತ್ತಿದ್ದ ಮಾಲೀಕರು ತಾವೇ ಮುಂದಾಗಿ, “ನಡೀರಿ, ಈಗ ಹೋಗಿ ಅರ್ಜಿ ಹಾಕಿ ಬರೂಣು” ಎಂದರು.

ಅಂಗಡಿಯಿಂದ ಕೊಳ್ಳುವುದಾದರೆ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮ ನೆನಪಿರಲಿ: ಹಳೇ ವಾಹನದ ವ್ಯಾಪಾರಿ ಆರ್‌ಟಿಒದಿಂದ ಅಧಿಕೃತ ಮಾನ್ಯತೆ ಪಡೆಯಬೇಕು, ಮಾಲೀಕ ಅವರಿಗೆ ಗಾಡಿ ಒಪ್ಪಿಸಿದ್ದನ್ನು ನಮೂನೆ 29ಸಿ ಮೂಲಕ ತಿಳಿಸಬೇಕು, ಅಲ್ಲಿಂದ ಗಾಡಿಯ ಹೊಣೆ ವ್ಯಾಪಾರಿಯದು. ‘ನಿಮ್ಮ ಮಾನ್ಯತಾ ಪತ್ರ ತೋರಸ್ರಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಗೋವಾ ನಂಬರಿನ, ಮಹಾರಾಷ್ಟ್ರ ನಂಬರಿನ ಅಗ್ಗದ ಗಾಡಿಗಳು ನಮ್ಮ ಸೀಮೆಗೆ ಬಹಳ ಬರುತ್ತವೆ. ಅವಕ್ಕೆ ಆ ರಾಜ್ಯದ ಎನ್‌ಒಸಿ, ಅಂದರೆ ನಮೂನೆ 28 ಬೇಕು, ಮೇಲೆ ಇಲ್ಲಿಯ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿದ ಮೇಲೂ ಅಗ್ಗವೇ ಎಂದು ಲೆಕ್ಕ ಹಾಕಿ.

ಗಾಡಿ ಊರಿಗೆ ಹೊರಡುವ ಹೊತ್ತಿಗೆ ಮುಖ್ಯವಾದದ್ದು ವಿಮೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಒಮ್ಮೆಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದ್ದರಿಂದ ಐದು ವರ್ಷದೊಳಗಿನ ಗಾಡಿಗೆ ಅದು ಉಳಿದಿರುತ್ತದೆ. ಅದಕ್ಕಿಂತ ಹಳೆಯದಕ್ಕೆ ಎಷ್ಟೋ ಸಲ ಏನೂ ಇರುವುದಿಲ್ಲ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ. ಅದು ಹೋಗಲಿ, ದಾರಿಯಲ್ಲಿ ಯಾರಿಗಾದರೂ ಬಡಿದರೆ ಹೊಲ ಮಾರಬೇಕಾದೀತು. ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆಗೇ ಹೊಸ ಮಾಲೀಕನಿಗೆ ದಾಟುತ್ತದೆ, ಆದರೂ 14 ದಿನದೊಳಗೆ ವಿಮಾ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು. ನಿಮ್ಮ ಸ್ವಂತ ಗಾಡಿಯ ಹಾನಿಗೆ ಸಿಗುವ ವಿಮೆಗಂತೂ ಈ ಬದಲಾವಣೆ ಇಲ್ಲದೆ ಜಗಳ ಖಾತ್ರಿ. ವಿಮೆ ಮುಗಿದಿದ್ದರೆ ಚಹಾದಂಗಡಿಯಲ್ಲಿ ಕೂತು ಮೊಬೈಲಿನಲ್ಲೇ ಮಾಡಿಸಬಹುದು, ಆದರೆ ಅದು ಯಾವ ದಿನ, ಎಷ್ಟು ಹೊತ್ತಿನಿಂದ ಶುರುವಾಗುತ್ತದೆ ಎಂಬುದನ್ನು ಓದಿ. ಮರುದಿನದಿಂದ ಎಂದಿದ್ದರೆ ಗಾಡಿಯನ್ನು ಒಂದು ರಾತ್ರಿ ಬೀಗರ ಅಂಗಳದಲ್ಲೇ ಬಿಡಿ.

ಹೆಸರು ಬದಲಾಗುವ ತನಕ ಆ ಆರ್‌ಸಿ ನಿಮ್ಮ ಡಿಜಿಲಾಕರಿಗೆ ಬರುವುದಿಲ್ಲ. ಮೂಲ ಆರ್‌ಸಿ ಕಾರ್ಡ್, ವಿಮೆ, ಹೊಗೆ ಪ್ರಮಾಣಪತ್ರ, ಎರಡೂ ಕಡೆಯವರ ಸಹಿಯಿರುವ ಮಾರಾಟ ಪತ್ರ ಜೇಬಿನಲ್ಲಿರಲಿ. ಪತ್ರದಲ್ಲಿ ತಾರೀಖಿನ ಜೊತೆಗೆ ಗಂಟೆಯನ್ನೂ ಬರೆಯಿರಿ. ಆ ಗಂಟೆಗಿಂತ ಹಿಂದೆ ಆ ಗಾಡಿ ಏನು ಮಾಡಿದೆಯೋ ಯಾರಿಗೆ ಗೊತ್ತು?

ಹುಬ್ಬಳ್ಳಿಯಿಂದ ದೇವಿಕೊಪ್ಪಕ್ಕೆ

ಹಳೇ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಕೊಡುವ ಮಾಲೀಕರನ್ನು ನಾನು ಈವರೆಗೆ ಕಂಡಿಲ್ಲ. ಕಾಕ್ ರಿಸರ್ವ್‌ನಲ್ಲೇ ಇರುತ್ತದೆ. ಮೊದಲ ನಿಲುಗಡೆ ಬಂಕು. ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಬಂಕಿಗೂ ಮೊದಲು ಗ್ಯಾರೇಜು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಕೂಡುತ್ತದೆ. ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಹಳೇ ಪೆಟ್ರೋಲ್ ಬಸಿದು ತೆಗೆಸಿ. ಇಲ್ಲದಿದ್ದರೆ ಗಾಡಿ ಊರಾಚೆ ನಿಂತು ಬಿಕ್ಕುತ್ತದೆ.

ಬಂಕಿನಲ್ಲೇ ಹವಾ. ಮಧ್ಯಾಹ್ನ 30 ಡಿಗ್ರಿಯಲ್ಲಿ 28 ಪಿಎಸ್‌ಐ ಹಾಕಿಸಿದರೆ ಮರುದಿನ ನಸುಕಿನ 14 ಡಿಗ್ರಿಗೆ ಅದು 26ಕ್ಕಿಂತ ಕೆಳಗಿಳಿದಿರುತ್ತದೆ. ಪಂಚರ್ ಅಲ್ಲ, ಗಾಳಿ ತಣ್ಣಗಾಗಿ ಕುಗ್ಗುವುದು. ಚೇನ್ ಕವರಿನ ಮೇಲಿನ ಚೀಟಿಯಲ್ಲಿ ಬರೆದಿರುವ ಅಂಕಿ ತಣ್ಣಗಿನ ಟೈರಿಗೆ ಹೇಳಿದ್ದು. ಅಲ್ಲೇ ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಕಡಿಮೆ ಇದ್ದರೆ ಹಾಕಿಸಿ, ಪೂರ್ತಿ ಬದಲಾವಣೆ ಊರಿಗೆ ಹೋದ ಮೇಲೆ.

ಹೊರಡುವ ಹೊತ್ತು ಬೆಳಿಗ್ಗೆ ಹತ್ತರ ಮೇಲೆ, ಮುಟ್ಟುವ ಹೊತ್ತು ಸಂಜೆ ನಾಲ್ಕರೊಳಗೆ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಏಳರ ಹತ್ತಿರ, ಮುಳುಗುವುದು ಆರು ಗಂಟೆಯ ಸುಮಾರಿಗೆ. ಹುಬ್ಬಳ್ಳಿಯ ಕಾರವಾರ ರಸ್ತೆ ಹಿಡಿದು, ಅಂಚಟಗೇರಿ ದಾಟಿ, ಕಲಘಟಗಿಗೆ ಸುಮಾರು 30 ಕಿ.ಮೀ.; ಅಲ್ಲಿಂದ ಯಲ್ಲಾಪುರದ ದಿಕ್ಕಿಗೆ ಹೋದರೆ ದೇವಿಕೊಪ್ಪ. ಹೆದ್ದಾರಿಗೆ ಈಗ 52 ಎಂದು ನಂಬರಾಗಿದ್ದರೂ ಮಂದಿ ಇನ್ನೂ 63 ಎನ್ನುತ್ತಾರೆ. ಕರಾವಳಿಗೆ ಇಳಿಯುವ ಲಾರಿಗಳೆಲ್ಲ ಈ ರಸ್ತೆಯಲ್ಲೇ. ಹೊಸ ಗಾಡಿಯ ಬ್ರೇಕು ಎಷ್ಟು ಹಿಡಿಯುತ್ತದೆ ಎಂಬುದನ್ನು ಲಾರಿಯ ಹಿಂದೆ ಪರೀಕ್ಷಿಸಬಾರದು. ಊರು ಬಿಡುವ ಮೊದಲು ಖಾಲಿ ರಸ್ತೆಯಲ್ಲಿ 20ರಲ್ಲಿ, 30ರಲ್ಲಿ, 40ರಲ್ಲಿ ಒಂದೊಂದು ಸಲ ಹಿಡಿದು ನೋಡಿ. 2019ರ ಏಪ್ರಿಲಿನಿಂದ 125 ಸಿಸಿಗಿಂತ ದೊಡ್ಡ ಬೈಕಿಗೆಲ್ಲ ಗಾಲಿ ಕಟ್ಟದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಗಿದೆ, ಸಣ್ಣವಕ್ಕೆ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್. ಅದಕ್ಕಿಂತ ಹಳೆಯವುಗಳಲ್ಲಿ ಹೆಚ್ಚಿನವಕ್ಕೆ ಎರಡೂ ಇಲ್ಲ. ಒದ್ದೆ ರಸ್ತೆಯಲ್ಲಿ ಹಿಂದಿನ ಬ್ರೇಕ್ ತುಳಿದರೆ ಗಾಲಿ ಕಟ್ಟಿ ಅಡ್ಡ ಜಾರುತ್ತದೆ.

ಈ ಹಂಗಾಮಿನಲ್ಲಿ ರಸ್ತೆಯ ಮೇಲೆ ಮಂಜಿನಷ್ಟೇ ತೊಂದರೆ ಕೊಡುವುದು ನಮ್ಮದೇ ಸುಗ್ಗಿ. ಡಾಂಬರಿನ ಅರ್ಧಕ್ಕೆ ಗೋವಿನಜೋಳ ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತೇವೆ. ಕಾಳಿನ ಮೇಲೆ ಬೈಕಿನ ಗಾಲಿ ಗೋಲಿಗುಂಡಿನ ಮೇಲೆ ಕಾಲಿಟ್ಟ ಹಾಗೆ. ಅದರ ಮೇಲೆ ಹೋಗಲೇಬೇಕಾದರೆ ಬ್ರೇಕ್ ಮುಟ್ಟಬೇಡಿ, ಎಕ್ಸಿಲೇಟರ್ ಬಿಟ್ಟು ನೆಟ್ಟಗೆ ಹೋಗಿ. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಇನ್ನೊಂದು. ಎರಡು ಟ್ರೇಲರ್ ಜೋಡಿಸಿಕೊಂಡು, ಹಿಂದೆ ಕೆಂಪು ದೀಪವಿಲ್ಲದೆ, ಕಬ್ಬಿನ ತುದಿ ಅತ್ತಿತ್ತ ಚಾಚಿಕೊಂಡು ನಿಧಾನಕ್ಕೆ ಸಾಗುತ್ತವೆ. ಬೆಳಕಿನಲ್ಲಿ ಕಾಣುತ್ತವೆ, ಮುಸ್ಸಂಜೆಯ ಮಂಜಿನಲ್ಲಿ ಮೈಮೇಲೆ ಬಂದ ಮೇಲೇ ಕಾಣುವುದು. ದೇವಿಕೊಪ್ಪ ದಾಟಿ ಕಿರವತ್ತಿಯ ಕಡೆ ಹೋಗುವವರಿಗೆ ಕಾಡಿನ ಭಾಗವೂ ಇದೆ. ಕಬ್ಬು-ಭತ್ತದ ಹೊತ್ತಿಗೆ ಹಳಿಯಾಳದ ಕಾಡಿನಿಂದ ಆನೆಗಳು ಈಚೆಗೆ ಬರುವುದುಂಟು. ಆ ಹಾದಿಯಲ್ಲಿ ಕತ್ತಲಾದ ಮೇಲೆ ಗುಣ ಗೊತ್ತಿಲ್ಲದ ಗಾಡಿ ಬೇಡವೇ ಬೇಡ.

ಅಕಸ್ಮಾತ್ ಮಂಜಿನಲ್ಲೇ ಸಿಕ್ಕಿಬಿದ್ದರೆ ಹೆಡ್‌ಲೈಟ್ ಡಿಮ್ ಇರಲಿ, ಅಪ್ಪರ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. 2017ರ ಏಪ್ರಿಲಿನಿಂದ ಈಚಿನ ಬೈಕುಗಳ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತದೆ. ಹಿಂದಿನವಕ್ಕೆ ನೀವೇ ಹಾಕಬೇಕು. ಹಿಂದಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಇಳಿದು ನೋಡಿ. ಕೊಳ್ಳುವಾಗ ಯಾರೂ ನೋಡದ ಬಲ್ಬು ಅದು.

ಮೈಗೆ ಹಾಕಿಕೊಳ್ಳುವುದರಲ್ಲಿ ಹುಡುಗರು ಎರಡು ತಪ್ಪು ಮಾಡುತ್ತಾರೆ. ದಪ್ಪ ಮಂಕಿ ಕ್ಯಾಪ್ ಹಾಕಿ ಅದರ ಮೇಲೆ ಹೆಲ್ಮೆಟ್ ಸಿಕ್ಕಿಸುವುದು ಒಂದು. ಹೆಲ್ಮೆಟ್ ತಲೆಗೆ ಕೂರುವುದಿಲ್ಲ, ಬಿದ್ದಾಗ ಹಾರಿಹೋಗುತ್ತದೆ. ತೆಳ್ಳಗಿನ ಹತ್ತಿಬಟ್ಟೆ ಸಾಕು. ಮಫ್ಲರಿನ ತುದಿಯನ್ನು ಬೆನ್ನಹಿಂದೆ ಇಳಿಬಿಡುವುದು ಇನ್ನೊಂದು. ಚೇನಿಗೆ, ಗಾಲಿಗೆ ಸಿಕ್ಕರೆ ಕುತ್ತಿಗೆಗೇ ಉರುಲು. ಎದೆಗೆ ಗಾಳಿ ತಾಗದ ಹಾಗೆ ಜಾಕೀಟಿನ ಒಳಗೆ ದಿನಪತ್ರಿಕೆಯ ನಾಲ್ಕು ಹಾಳೆ ಮಡಚಿ ಇಟ್ಟುಕೊಳ್ಳುವುದು ಹಳೆಯ ಲಾರಿ ಕ್ಲೀನರುಗಳ ಉಪಾಯ, ನಾನು ಈಗಲೂ ಮಾಡುತ್ತೇನೆ. ಎಲ್ಲಕ್ಕಿಂತ ಕೈಗವಸು ಮುಖ್ಯ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಬೆರಳು ಸೆಟೆದು ಬ್ರೇಕ್ ಹಿಡಿಯುವುದು ಒಂದು ಸೆಕೆಂಡ್ ತಡವಾದರೆ ಅಷ್ಟು ದೂರ ಗಾಡಿ ಸುಮ್ಮನೆ ಹೋಗಿರುತ್ತದೆ. ಹೆಲ್ಮೆಟ್ ಗಾಜಿನ ಒಳಗೆ ಉಸಿರಿನ ಮಂಜು ಕಟ್ಟಿದರೆ ಒಂದು ಬೆರಳಿನಷ್ಟು ಎತ್ತಿಡಿ. ಒಣ ಸಾಬೂನು ಉಜ್ಜಿ ಬಟ್ಟೆಯಿಂದ ತಿಕ್ಕಿದರೂ ನಡೆಯುತ್ತದೆ.

ಮೊದಲ ಮೂರ್ನಾಲ್ಕು ಕಿ.ಮೀ. 40 ದಾಟಿಸಬೇಡಿ, ಹಿಂದೆ ಯಾರನ್ನೂ ಕೂರಿಸಬೇಡಿ. ನಾನು ಬಸ್ಸಿಗೆ ಬಂದೆ. “ಮಾಮಾ, ಹತ್ತ್ರಿ, ಏನಾಗಂಗಿಲ್ಲ” ಎಂದು ಹುಡುಗ ಎಷ್ಟು ಕರೆದರೂ ಹತ್ತಲಿಲ್ಲ. ಹತ್ತು ಹದಿನೈದು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಗಾಲಿಯ ನಟ್ಟು, ಚೇನ್, ಇಂಜಿನ್ ಕೆಳಗೆ ಆಯಿಲ್ ತೊಟ್ಟಿಕ್ಕಿದೆಯೇ ಎಂದು ನೋಡಬೇಕು. ಬ್ರೇಕ್ ಡ್ರಮ್ಮಿನ ಹತ್ತಿರ ಕೈ ಒಯ್ದರೆ ಸುಡುವಷ್ಟು ಕಾವಿದ್ದರೆ ಬ್ರೇಕ್ ಕಚ್ಚಿಕೊಂಡಿದೆ. ಅವನು ಗಿರ್ಮಿಟ್ ತಿನ್ನಲು ನಿಂತಿದ್ದನಂತೆ. ನೋಡಿದೆನೆಂದು ಹೇಳಿದ, ನಂಬಿದೆ.

ಮನೆಗೆ ಬಂದ ಮೇಲೆ

ಮೊದಲ ವಾರದಲ್ಲಿ ಆಯಿಲ್ ಬದಲಿಸಿ. ಹಳೆಯ ಮಾಲೀಕರು ಹೋದ ತಿಂಗಳಷ್ಟೇ ಬದಲಿಸಿದ್ದೇವೆ ಎಂದರೂ ಬದಲಿಸಿ. ಡಬ್ಬಿಯ ಮೇಲೆ 10ಡಬ್ಲ್ಯು-30, 20ಡಬ್ಲ್ಯು-50 ಎಂದಿರುತ್ತದೆ. ಆ ಡಬ್ಲ್ಯು ಎಂಬುದು ಇಂಗ್ಲಿಷಿನ ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಥಂಡಿಯಲ್ಲಿ ಆಯಿಲ್ ತೆಳ್ಳಗಿದ್ದು ಬೇಗ ಹರಿಯುತ್ತದೆ. ಹಾಗೆಂದು ಮನಸ್ಸಿಗೆ ಬಂದದ್ದನ್ನು ಹಾಕಿಸಬೇಡಿ, ನಿಮ್ಮ ಗಾಡಿಗೆ ಕಂಪನಿ ಹೇಳಿದ್ದನ್ನೇ ಹಾಕಿಸಿ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಅದೇ ದಿನ ನೋಡಿಸಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಮೀಟರ್ ಹಿಡಿಸಿದರೆ 12.5 ವೋಲ್ಟಿನ ಮೇಲೆ ತೋರಿಸಬೇಕು. ಇಂಜಿನ್ ಓಡುವಾಗ 13.5ರಿಂದ 14.5. ಮೊದಲನೆಯದು ಕಡಿಮೆ ಇದ್ದು ಎರಡನೆಯದು ಸರಿ ಇದ್ದರೆ ಬ್ಯಾಟರಿ ಬದಲಿಸಿ, ಎರಡನೆಯದೇ ಕಡಿಮೆ ಇದ್ದರೆ ಹೊಸ ಬ್ಯಾಟರಿಯೂ ವಾರದಲ್ಲಿ ಮಲಗುತ್ತದೆ. ಎಫ್‌ಐ ಗಾಡಿಯ ಬ್ಯಾಟರಿ ಪೂರ್ತಿ ಸತ್ತರೆ ದಬ್ಬಿದರೂ ಚಾಲೂ ಆಗುವುದು ಕಷ್ಟ, ಪಂಪಿಗೇ ಕರೆಂಟ್ ಬೇಕು.

ದಿನಾ ಮುಂಜಾನೆ ಹೊಲಕ್ಕೆ ಅರ್ಧ ಕಿ.ಮೀ. ಹೋಗಿ ನಿಲ್ಲಿಸುವುದು ಥಂಡಿಯಲ್ಲಿ ಇಂಜಿನ್ನಿಗೆ ಒಳ್ಳೆಯದಲ್ಲ. ಒಳಗೆ ಕಟ್ಟಿದ ತೇವ ಆರುವಷ್ಟು ಕಾವು ಏರುವುದಿಲ್ಲ. ಕೆಲದಿನಕ್ಕೆ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೆ ಗಾಬರಿಯಾಗಬೇಡಿ, ವಾರಕ್ಕೊಮ್ಮೆ ಕಲಘಟಗಿಯ ತನಕ ಓಡಿಸಿ ಬನ್ನಿ. ರಾತ್ರಿ ಅಂಗಳದಲ್ಲಿ ನಿಲ್ಲಿಸುವವರು ಪ್ಲಾಸ್ಟಿಕ್ ತಾಡಪಾಲು ಬಿಗಿದು ಕಟ್ಟಿದರೆ ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ. ಗೋಣಿತಾಟು ಅಥವಾ ಹಳೇ ಚಾದರ ವಾಸಿ.

ನಮ್ಮ ಹುಡುಗ ಮೂರೂವರೆಗೆ ಊರು ಮುಟ್ಟಿದ. ಅಕ್ಕ ನಿಂಬೆಹಣ್ಣು ಗಾಲಿಗಿಟ್ಟು, ಕಾಯಿ ಒಡೆದು, ಹ್ಯಾಂಡಲಿಗೆ ಕುಂಕುಮ ಹಚ್ಚಿದಳು. ಸ್ಪೀಡ್ ಮೀಟರಿನ ಗಾಜಿಗೂ ಹಚ್ಚಿದಳು. ಗಾಡಿಯನ್ನು ದನದ ಕೊಟ್ಟಿಗೆಯ ಮಗ್ಗುಲಿಗೆ ನಿಲ್ಲಿಸಿ ಅವನು ತನ್ನದೇ ಚಾದರ ಹೊದಿಸಿ ಮಲಗಿದ. ಮರುದಿನ ಆರು ಗಂಟೆಗೆ ಎದ್ದು ಹೋದರೆ ಚಾದರದ ಮೇಲೆ, ಸೀಟಿನ ನಟ್ಟನಡುವೆ, ಮನೆಯ ಕೋಳಿ ಕೂತಿತ್ತು. ಅದನ್ನು ಓಡಿಸಿ, ಚೋಕ್ ಎಳೆದು ಒದ್ದ.

“ಮೂರನೇದಕ್ಕ ಚಾಲೂ ಆತು ಮಾಮಾ,” ಎಂದು ಫೋನ್ ಮಾಡಿದ. ಹಿಂದೆ ಕೋಳಿ ಇನ್ನೂ ಕೂಗುತ್ತಿತ್ತು.